ಏರಿಗೆ ಕರೆಂಟು, ಉಳಿದದ್ದಕ್ಕೆ ಕಾಲು



ನಮ್ಮ ಸಂಘದ ಕಛೇರಿಯ ಜಗಲಿಯಲ್ಲಿ ೨೦೨೪ರ ಅಕ್ಟೋಬರಿನಿಂದ ಒಂದು ಹಳೆಯ ಸೈಕಲ್ ಒರಗಿ ನಿಂತಿರುವುದನ್ನು ತಾವೆಲ್ಲ ನೋಡಿದ್ದೀರಿ. ಅಡಿಕೆ ಧಾರಣೆ ವಿಚಾರಿಸಲು ಬಂದವರು ಅದರ ಹಿಂದಿನ ಚಕ್ರದ ನಡುವೆ ಇರುವ ದಪ್ಪ ಡಬ್ಬಿಯನ್ನು ಮುಟ್ಟಿ ನೋಡುತ್ತಾರೆ. ಕಾಫಿಯ ಸ್ಯಾಂಪಲ್ ತಂದವರು ಕಂಬಿಗೆ ಕೂರಿಸಿದ ಬ್ಯಾಟರಿಯನ್ನು ತಟ್ಟಿ ನೋಡುತ್ತಾರೆ. ಆಮೇಲೆ ಒಳಗೆ ಬಂದು, "ಎಂತ ಗೌಡ್ರೆ, ಜೀಪು ಮಾರಿದ್ರಾ?" ಎಂದು ಮೆಲ್ಲಗೆ ಕೇಳುತ್ತಾರೆ. ಜೀಪು ಮಾರಿಲ್ಲ. ಸಂಘವೂ ನಷ್ಟದಲ್ಲಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಈ ಸಂಚಿಕೆಯಲ್ಲಿ ಬರೆದೇ ಮುಗಿಸುತ್ತೇನೆ. ಬೋರ್ಡೋ ದ್ರಾವಣ, ಸುಣ್ಣ, ಗೊಬ್ಬರಗಳ ಬಗ್ಗೆ ತಿಂಗಳು ತಿಂಗಳೂ ಬರೆಯುವ ಪುಟದಲ್ಲಿ ಒಂದು ಸಲ ಬೆಳೆಗಾರನ ಮೈಯ ಬಗ್ಗೆ ಬರೆದರೆ ತಾವು ಬೇಸರಿಸಲಾರಿರಿ ಎಂದು ನಂಬಿದ್ದೇನೆ.

ಡಾಕ್ಟರರ ಒಂದು ಪ್ರಶ್ನೆ

೨೦೨೩ರ ಡಿಸೆಂಬರು. ಅರೇಬಿಕಾ ಕೊಯ್ಲು ಜೋರಾಗಿ ನಡೆದಿತ್ತು. ಹಳ್ಳದ ಬದಿಯ ತೋಟದಿಂದ ಕಣಕ್ಕೆ ಏರಿ ಬರುವ ದಾರಿಯಲ್ಲಿ ನಾನು ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ಹಿಂದಿನಿಂದ ಹಣ್ಣಿನ ಚೀಲ ಹೊತ್ತು ಬರುತ್ತಿದ್ದ ಹೆಂಗಸು, ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡವಳು, "ಸ್ವಲ್ಪ ದಾರಿ ಬಿಡಿ ಗೌಡ್ರೆ" ಎಂದು ದಾಟಿಕೊಂಡು ಹೋದಳು. ಆಕೆಯ ಉಸಿರು ಏರಿರಲಿಲ್ಲ.

ಮರುವಾರ ಪೇಟೆಯ ಡಾಕ್ಟರರಲ್ಲಿಗೆ ಹೋದೆ. ತೂಕ ೮೪ ಕಿಲೋ. ರಕ್ತದೊತ್ತಡ ೧೫೦ಕ್ಕೆ ೯೪. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಪರೀಕ್ಷೆಯೊಂದಿದೆ, ಎಚ್‌ಬಿಎ೧ಸಿ ಎನ್ನುತ್ತಾರೆ. ಅದು ೬.೫ ಮುಟ್ಟಿದರೆ ಸಕ್ಕರೆ ಕಾಯಿಲೆ ಎಂದು ಲೆಕ್ಕ. ನನ್ನದು ೮.೩ ಇತ್ತು. ಮಾತ್ರೆ ಬರೆದುಕೊಟ್ಟು, "ವ್ಯಾಯಾಮ ಮಾಡಬೇಕು" ಎಂದರು.

"ನಾನು ತೋಟದವನು ಡಾಕ್ಟ್ರೇ, ನನಗೆ ಬೇರೆ ವ್ಯಾಯಾಮ ಎಂತಕ್ಕೆ?" ಎಂದೆ.

"ಹಾಗಾದ್ರೆ ನಿನ್ನೆ ತೋಟದಲ್ಲಿ ಏನು ಕೆಲಸ ಮಾಡಿದ್ರಿ, ಹೇಳಿ."

ಹೇಳಲು ಕುಳಿತೆ. ಬೆಳಿಗ್ಗೆ ಜೀಪಿನಲ್ಲಿ ಸಂಘಕ್ಕೆ ಹೋದದ್ದು. ಸಂಜೆಯವರೆಗೆ ಕುರ್ಚಿ. ಜೀಪಿನಲ್ಲಿ ವಾಪಸು. ಕಣದ ಅಂಚಿನಲ್ಲಿ ಅರ್ಧ ಗಂಟೆ ನಿಂತು ತೂಕ ಬರೆಸಿದ್ದು. ಮೇಸ್ತ್ರಿಗೆ ಫೋನಿನಲ್ಲಿ ಮರುದಿನದ ಕೆಲಸ ಹೇಳಿದ್ದು. ಕೆಲಸವೆಲ್ಲ ತೋಟದ್ದೇ ಆಗಿತ್ತು. ಆದರೆ ಅದರಲ್ಲಿ ನನ್ನ ಕೈಕಾಲಿನ ಪಾಲು ಎಷ್ಟೆಂದು ಹುಡುಕಿದರೆ ಸಿಗಲಿಲ್ಲ.

ನಮ್ಮ ಹಿರಿಯರು ತೋಟ ಸುತ್ತುತ್ತಿದ್ದುದು ಕಾಲಿನಿಂದಲೇ. ಪೇಟೆಗೆ ಹೋಗುತ್ತಿದ್ದುದೂ ಹಾಗೆಯೇ. ಈಗ ಕೊಯ್ಲಿಗೆ, ಮರಗಸಿಗೆ, ಔಷಧಿ ಹೊಡೆಯುವುದಕ್ಕೆ ಬೇರೆಯವರು. ಕಳೆಗೆ ಯಂತ್ರ, ಗದ್ದೆಯಂಚಿಗೆ ಹೋಗಲೂ ಬೈಕು. ಊಟ ಮಾತ್ರ ಹಿರಿಯರ ಕಾಲದ ಅಳತೆಯಲ್ಲೇ ಉಳಿದಿದೆ.

ಈ ವಿಚಾರದಲ್ಲಿ ಒಂದು ಹಳೆಯ ಸಂಶೋಧನೆ ನೆನಪಿಡತಕ್ಕದ್ದು. ಲಂಡನ್ನಿನಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಅಲ್ಲಿನ ಎರಡು ಅಂತಸ್ತಿನ ಬಸ್ಸುಗಳ ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಹೋಲಿಸಿ ೧೯೫೩ರಲ್ಲಿ ವರದಿ ಪ್ರಕಟಿಸಿದರು. ದಿನವಿಡೀ ಕುಳಿತೇ ಇರುವ ಡ್ರೈವರುಗಳಿಗಿಂತ, ಟಿಕೆಟ್ ಕೊಡಲು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು. ಬಸ್ಸು ಒಂದೇ, ದಾರಿ ಒಂದೇ. ತೋಟದಲ್ಲೂ ಹಾಗೆಯೇ. ನಾವು ಬೆಳೆಗಾರರು ನಮ್ಮನ್ನು ಕಂಡಕ್ಟರುಗಳೆಂದು ತಿಳಿದುಕೊಂಡಿದ್ದೇವೆ. ಯಾವಾಗಲೋ ಡ್ರೈವರ್ ಸೀಟಿನಲ್ಲಿ ಕುಳಿತುಬಿಟ್ಟಿದ್ದೇವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಕಾರದ ದೊಡ್ಡ ಸಮೀಕ್ಷೆ ೨೦೨೩ರಲ್ಲಿ ಹೊರಬಂತು. ಅದರ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಹತ್ತು ಕೋಟಿಗೂ ಮೇಲೆ. ಆದರೆ ಇಂಥ ದೊಡ್ಡ ಸಂಖ್ಯೆಗಳಿಂದ ನನಗೆ ಭಯ ಹುಟ್ಟಲಿಲ್ಲ. ಭಯ ಹುಟ್ಟಿದ್ದು ನನ್ನ ವಯಸ್ಸಿನವರೇ ಆದ ನಮ್ಮ ಸದಸ್ಯರೊಬ್ಬರನ್ನು ನೋಡಿ. ಕಾಲಿನ ಸಣ್ಣ ಗಾಯ ಮಾಯದೆ ಪಾದವನ್ನು ತೆಗೆಯಬೇಕಾಗಿ ಬಂತು. ಈಗ ಅವರು ಜಗಲಿಯಲ್ಲಿ ಕುಳಿತು ಎದುರಿನ ತೋಟವನ್ನು ನೋಡುತ್ತಾರೆ. ತಾವೇ ನೆಟ್ಟ ಮರಗಳ ಬುಡಕ್ಕೆ ತಾವು ಇಳಿಯಲಾರರು. ನಮ್ಮ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ತೋಟವನ್ನು ನೋಡಿಕೊಳ್ಳುವವರು ನಾವು. ನಮ್ಮ ಕಾಲು ಹೋದರೆ ತೋಟವೂ ಹೋದಂತೆಯೇ ಸರಿ.

ಮೂರೇ ದಿನದ ಉತ್ಸಾಹ

ಮೊದಲು ಬೆಳಗಿನ ನಡಿಗೆ ಆರಂಭಿಸಿದೆ. ಕೊಯ್ಲಿನ ಗಡಿಬಿಡಿಯಲ್ಲಿ ಅದು ನಿಂತಿತು. ಬೇಸಗೆಯಲ್ಲಿ ಮತ್ತೆ ಹಿಡಿದೆ, ಮಳೆ ಬಂದು ಮತ್ತೆ ಬಿಟ್ಟೆ. ೨೦೨೪ರ ಸೆಪ್ಟೆಂಬರಿನಲ್ಲಿ ಪರೀಕ್ಷೆ ಮಾಡಿಸಿದರೆ ೮.೧. ವ್ಯಾಯಾಮಕ್ಕೆಂದು ಬೇರೆ ಹೊತ್ತು ಮೀಸಲಿಟ್ಟರೆ ಆ ಹೊತ್ತನ್ನು ತೋಟವೋ ಸಂಘವೋ ತಿಂದುಹಾಕುತ್ತದೆ ಎಂಬುದು ಇದರಿಂದ ಖಚಿತವಾಯಿತು. ಆದುದರಿಂದ ಹೇಗೂ ಮಾಡಲೇಬೇಕಾದ ಪ್ರಯಾಣದಲ್ಲೇ ವ್ಯಾಯಾಮ ಸೇರಬೇಕು ಎಂದು ಯೋಚಿಸಿದೆ. ಮನೆಯಿಂದ ಕಛೇರಿಗೆ ಒಂಬತ್ತು ಕಿಲೋಮೀಟರ್. ಕೊಟ್ಟಿಗೆಯ ಅಟ್ಟದ ಮೇಲೆ ಮಗ ಹೈಸ್ಕೂಲಿಗೆ ಹೋಗುತ್ತಿದ್ದ ಗೇರಿನ ಸೈಕಲ್ ತುಕ್ಕು ಹಿಡಿಯುತ್ತಿತ್ತು. ಇಳಿಸಿ, ಟೈರು ಟ್ಯೂಬು ಹಾಕಿಸಿದೆ.

ಕೊಪ್ಪದ ಕಡೆಯ ರಸ್ತೆಗಳು ಹೇಗೆಂದು ತಮಗೆ ತಿಳಿದದ್ದೇ. ಹೋಗುವಾಗ ಇಳಿಜಾರು, ಗಾಳಿ ಕುಡಿದುಕೊಂಡು ಹೋದೆ. ಬರುವಾಗ ಏರು. ಮಧ್ಯಾಹ್ನದ ಬಿಸಿಲಿನಲ್ಲಿ ಮೂರು ಕಿಲೋಮೀಟರ್ ಸೈಕಲನ್ನು ತಳ್ಳಿಕೊಂಡೇ ಬಂದೆ. ದಾರಿಯಲ್ಲಿ ಇಬ್ಬರು ಸದಸ್ಯರು ಪಿಕಪ್ ನಿಲ್ಲಿಸಿ, "ಹತ್ತಿ, ಸೈಕಲ್ ಹಿಂದೆ ಹಾಕುವ" ಎಂದರು. ಮೂರನೆಯ ದಿನ ನಾನೇ ಜೀಪಿನ ಕೀಲಿ ಎತ್ತಿಕೊಂಡೆ. ಒಂಬತ್ತು ಕಿಲೋಮೀಟರಿನಲ್ಲಿ ನನ್ನನ್ನು ಸೋಲಿಸಿದ್ದು ಆ ಮೂರು ಕಿಲೋಮೀಟರು ಮಾತ್ರ.

ಬೆಂಗಳೂರಿನಿಂದ ಬಂದ ಮಗ ಇದನ್ನು ಕೇಳಿ, "ಅಪ್ಪಯ್ಯ, ಅದೇ ಸೈಕಲ್ಲಿಗೆ ಮೋಟಾರ್ ಕೂರಿಸಬಹುದು" ಎಂದ. ತುಳಿದಾಗ ನೆರವಾಗುವ ಮೋಟಾರ್ ಸೈಕಲನ್ನು ಜಪಾನಿನ ಯಮಹಾ ಕಂಪನಿ ೧೯೯೩ರಲ್ಲೇ ಮಾರಾಟಕ್ಕೆ ತಂದಿತ್ತು. ಈಗ ಮೋಟಾರ್ ಇರುವ ಹಿಂದಿನ ಚಕ್ರ, ಬ್ಯಾಟರಿ, ಕಂಟ್ರೋಲರ್ ಎಲ್ಲ ಕೂಡಿದ ಕಿಟ್ ಬಿಡಿಯಾಗಿಯೇ ಸಿಗುತ್ತದೆ. ನಮ್ಮ ಪಂಪ್‌ಸೆಟ್ಟಿನ ಮೋಟಾರ್ ವೈಂಡಿಂಗ್ ಮಾಡುವ ಹುಡುಗನೇ ಒಂದು ಭಾನುವಾರ ಕುಳಿತು ಕಟ್ಟಿಕೊಟ್ಟ.

ಮೋಟಾರಿನ ಲೆಕ್ಕ

ಕಾನೂನು ಒಪ್ಪುವ ಸೈಕಲ್ ಮೋಟಾರಿನ ಶಕ್ತಿ ೨೫೦ ವ್ಯಾಟಿಗಿಂತ ಕಡಿಮೆ. ನಮ್ಮ ತೋಟದ ಐದು ಎಚ್‌ಪಿ ಪಂಪಿನ ಹದಿನೈದನೆಯ ಒಂದು ಪಾಲು ಎನ್ನಬಹುದು. ಇಷ್ಟು ಚಿಕ್ಕದರಿಂದ ಏನಾದೀತು ಎಂದು ನನಗೂ ಅನುಮಾನವಿತ್ತು. ಲೆಕ್ಕ ಹಾಕಿ ನೋಡಿದೆ. ನಾನು, ಸೈಕಲ್, ಕೈಚೀಲ ಸೇರಿ ೧೧೦ ಕಿಲೋ. ನೂರು ಅಡಿಗೆ ಆರು ಅಡಿ ಏರುವ ರಸ್ತೆಯಲ್ಲಿ ಗಂಟೆಗೆ ೧೦ ಕಿಲೋಮೀಟರ್ ವೇಗದಲ್ಲಿ ಹೋಗಲು ಸುಮಾರು ೨೦೦ ವ್ಯಾಟ್ ಶಕ್ತಿ ಬೇಕು. ಅಭ್ಯಾಸವಿಲ್ಲದ ನನ್ನಂಥ ಐವತ್ತು ದಾಟಿದವನ ಕಾಲು ಬಹಳ ಹೊತ್ತು ಕೊಡಬಲ್ಲದ್ದು ನೂರರ ಒಳಗೆ. ಸೋತು ಇಳಿದುಬಿಡುತ್ತಿದ್ದುದು ಈ ಕೊರತೆಯಿಂದಲೇ. ಆ ಉಳಿದ ನೂರನ್ನು ಮೋಟಾರು ಕೊಟ್ಟರೆ ಸಾಕು, ಏರು ದಾರಿಯೂ ಬಯಲು ದಾರಿಯಂತಾಗುತ್ತದೆ.

ಸೈಕಲ್ ಬಂದ ಮೊದಲ ದಿನ ನಮ್ಮ ತೋಟದ ಹಳೆಯ ಆಳು ಸುತ್ತಲೂ ನೋಡಿ ಕೇಳಿದ: "ತುಳಿದ್ರೆ ಮಾತ್ರ ಹೋಗದಾ ಗೌಡ್ರೆ? ಹಂಗಾರೆ ಕರೆಂಟು ಎಂತಕ್ಕೆ?"

ಎಲ್ಲರೂ ನಕ್ಕರು. ಆದರೆ ಈ ಲೇಖನದಲ್ಲಿ ಉತ್ತರ ಹೇಳಬೇಕಾದ ಪ್ರಶ್ನೆ ಇದೊಂದೇ. ಮೋಟಾರು ಸಹಾಯ ಮಾಡಿದರೆ ವ್ಯಾಯಾಮ ಎಲ್ಲಿ ಉಳಿಯಿತು ಎಂದು ಓದಿದವರೂ ಕೇಳುತ್ತಾರೆ. ಯೂರೋಪಿನ ಏಳು ನಗರಗಳಲ್ಲಿ ಮಾಡಿದ ಅಧ್ಯಯನವೊಂದು ೨೦೧೯ರಲ್ಲಿ ಪ್ರಕಟವಾಯಿತು. ಸಾದಾ ಸೈಕಲ್ಲಿನವರಿಗೂ ಇಂಥ ಸೈಕಲ್ಲಿನವರಿಗೂ ವಾರದ ಒಟ್ಟು ದೈಹಿಕ ಚಟುವಟಿಕೆಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಮೋಟಾರ್ ಇರುವವರು ಹೆಚ್ಚು ದೂರ ಹೋಗುತ್ತಿದ್ದುದೇ ಅದಕ್ಕೆ ಕಾರಣ. ನನ್ನ ಸಂಗತಿಯೂ ಹಾಗೆಯೇ. ಮೋಟಾರಿಲ್ಲದ ಸೈಕಲನ್ನು ನಾನು ತುಳಿದದ್ದು ಎರಡು ದಿನ. ಮೋಟಾರಿನದನ್ನು ತುಳಿಯಲು ತೊಡಗಿ ವರ್ಷ ದಾಟಿದೆ.

ವಯಸ್ಕರು ವಾರಕ್ಕೆ ೧೫೦ರಿಂದ ೩೦೦ ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಹೇಳಿದೆ. ಮಧ್ಯಮ ಶ್ರಮ ಎಂದರೆ ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಉಸಿರು. ಹೋಗುವಾಗಿನ ಇಳಿಜಾರನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬರುವಾಗ ೪೫ ನಿಮಿಷ. ವಾರಕ್ಕೆ ನಾಲ್ಕು ದಿನವಾದರೂ ೧೮೦ ನಿಮಿಷವಾಯಿತು. ಜೀಪಿನಲ್ಲಿ ೨೦ ನಿಮಿಷವಂತೂ ಬೇಕೇ ಬೇಕಿತ್ತು. ಹಾಗಾಗಿ ನಾನು ವ್ಯಾಯಾಮಕ್ಕೆಂದು ಹೆಚ್ಚಾಗಿ ಕೊಡುತ್ತಿರುವುದು ದಿನಕ್ಕೆ ಅರ್ಧ ಗಂಟೆಯ ಆಚೀಚೆ ಮಾತ್ರ.

ನಾನು ಮಾಡಿದ ತಪ್ಪು

೨೦೨೫ರ ಜನವರಿಯ ಪರೀಕ್ಷೆಯಲ್ಲಿ ೭.೪ ಬಂತು. ಹಿಗ್ಗಿದೆ. ಮಾತ್ರೆ ಬಿಡಲೇ ಎಂದು ಕೇಳಿದ್ದಕ್ಕೆ ಡಾಕ್ಟರರು, "ಸೈಕಲ್ ನಿಮ್ಮದು, ಮಾತ್ರೆ ನನ್ನದು. ನನ್ನದನ್ನು ನನಗೆ ಬಿಡಿ" ಎಂದರು. ಅಲ್ಲಿಗೆ ಸುಮ್ಮನಾಗಿದ್ದರೆ ಈ ಭಾಗವನ್ನು ಬರೆಯಬೇಕಾಗಿರಲಿಲ್ಲ.

ಕಿಟ್ಟಿನ ಜೊತೆ ಬೈಕಿನಲ್ಲಿರುವಂತೆ ಹಿಡಿ ತಿರುಪುವ ಆಕ್ಸಿಲರೇಟರ್ ಕೂಡ ಬಂದಿತ್ತು. ತಿರುಪಿದರೆ ಬಯಲಿನಲ್ಲಿ ತುಳಿಯದೆಯೇ ಓಡುತ್ತದೆ. ಬೇಸಗೆ ಬಂತು. ಒಂದು ದಿನ ಸುಸ್ತು ಎಂದು ತಿರುಪಿದೆ. ಇನ್ನೊಂದು ದಿನ ಆಡಳಿತ ಮಂಡಳಿಯ ಸಭೆಗೆ ಹೊತ್ತಾಯಿತೆಂದು ತಿರುಪಿದೆ. ಮಾರ್ಚ್ ಹೊತ್ತಿಗೆ ಏರಿನಲ್ಲಿ ಮಾತ್ರ ಕಾಲಾಡಿಸುವುದು, ಉಳಿದ ಕಡೆ ಕೈ ತಿರುಪುವುದು ರೂಢಿಯಾಯಿತು. ಜಗಲಿಯಲ್ಲಿ ಸೈಕಲ್ ನಿಂತೇ ಇತ್ತು, ಸದಸ್ಯರು ಹೊಗಳುತ್ತಲೇ ಇದ್ದರು. ಏಪ್ರಿಲಿನಲ್ಲಿ ರಕ್ತ ಕೊಟ್ಟರೆ ೭.೯!

ರಕ್ತಕ್ಕೆ ಸೈಕಲ್ ಕಾಣುವುದಿಲ್ಲ, ಕಾಲು ಆಡಿದ್ದಷ್ಟೇ ಕಾಣುತ್ತದೆ. ಮನೆಗೆ ಬಂದವನೇ ವೈಂಡಿಂಗ್ ಹುಡುಗನನ್ನು ಕರೆಸಿ ಆಕ್ಸಿಲರೇಟರನ್ನು ಬಿಚ್ಚಿಸಿದೆ. ಮನೆಯಾಕೆ ಅದನ್ನು ಈಗಲೂ ಹಳೆಯ ಕಬ್ಬಿಣದ ಡಬ್ಬಿಯಲ್ಲಿ ಇಟ್ಟಿದ್ದಾಳೆ, "ಎಲ್ಲಿದೆ ಅಂತ ಕೇಳ್ಬೇಡಿ, ಹೇಳೋದಿಲ್ಲ" ಎನ್ನುತ್ತಾಳೆ. ಆ ಬಳಿಕ ಏರಿನಲ್ಲಿ ಮಾತ್ರ ಮೋಟಾರು, ಬಯಲಿನಲ್ಲಿ ಆರಿಸಿಬಿಡುವುದು ಎಂಬ ನಿಯಮ ಹಾಕಿಕೊಂಡೆ. ಮಳೆಗಾಲ ಕಳೆದು ೨೦೨೫ರ ಅಕ್ಟೋಬರಿನಲ್ಲಿ ೭.೦ ಬಂತು. ತೂಕ ೭೯. ರಕ್ತದೊತ್ತಡ ೧೩೨ಕ್ಕೆ ೮೪. ಮಾತ್ರೆ ಮೊದಲಿನಷ್ಟೇ ಇದೆ, ಹೆಚ್ಚಿಸಬೇಕಾಗಿ ಬಂದಿಲ್ಲ. ಕಾಯಿಲೆ ಹೋಯಿತೆಂದು ನಾನು ಹೇಳಲಾರೆ. ಹಳ್ಳದಿಂದ ಕಣಕ್ಕೆ ಮಾತ್ರ ಈಗ ನಿಲ್ಲದೆ ಏರುತ್ತೇನೆ.

ಆದುದರಿಂದ ಹಳೆಯ ಆಳಿನ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಕರೆಂಟು ಇರುವುದು ನಮ್ಮ ಬದಲಿಗೆ ತುಳಿಯಲಿಕ್ಕಲ್ಲ. ತುಳಿಯದಿರಲು ನಮಗಿದ್ದ ನೆವವನ್ನು ತೆಗೆಯಲಿಕ್ಕೆ.

ಖರ್ಚು

ಕಿಟ್ಟು, ಬ್ಯಾಟರಿ, ಚಾರ್ಜರ್ ಸೇರಿ ನನಗೆ ೨೪,೦೦೦ ರೂಪಾಯಿ ಬಿತ್ತು. ಹಳೆಯ ಸೈಕಲ್ಲಿನ ರಿಪೇರಿ, ಹೊಸ ಬ್ರೇಕು, ದೀಪ, ಕೂಲಿ ಎಂದು ೪,೨೦೦. ಬ್ಯಾಟರಿ ೩೬ ವೋಲ್ಟ್, ೧೦ ಆಂಪಿಯರ್-ಅವರ್, ಅಂದರೆ ಪೂರ್ತಿ ತುಂಬಿದರೂ ಅರ್ಧ ಯೂನಿಟ್ ಕರೆಂಟು ಹಿಡಿಯುವುದಿಲ್ಲ. ಹೋಗಿ ಬರುವ ೧೮ ಕಿಲೋಮೀಟರಿಗೆ ಅದರ ಮೂರನೆಯ ಎರಡು ಪಾಲು ಸಾಕಾಗುತ್ತದೆ. ಒಂದು ಯೂನಿಟ್ಟಿನಲ್ಲಿ ಮೂರು ದಿನದ ಓಡಾಟ. ಬ್ಯಾಟರಿ ಕೆಲವು ವರ್ಷಗಳಲ್ಲಿ ಸವೆಯುತ್ತದೆ, ಹೊಸದು ಹಾಕಿಸಬೇಕು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಾಗಿದ್ದರೂ ಜೀಪಿನ ಡೀಸೆಲ್ಲಿನ ಮುಂದೆ ಇದು ದೊಡ್ಡ ಮೊತ್ತವಲ್ಲ.

ಕಟ್ಟಿಸುವವರಿಗೆ ಕೆಲವು ಮಾತು

ಒಂದು, ಕಾನೂನು. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರು ೨೫೦ ವ್ಯಾಟಿಗಿಂತ ಕಡಿಮೆ ಇದ್ದು, ವೇಗ ೨೫ ಕಿಲೋಮೀಟರ್ ಮುಟ್ಟುವಾಗ ನೆರವು ನಿಲ್ಲುವಂತಿದ್ದು, ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದಿದ್ದರೆ ಅದನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಕೊಳ್ಳುವ ಮೊದಲು ಮಾರುವವನಲ್ಲಿ ಆ ಒಪ್ಪಿಗೆಯ ಪತ್ರ ಕೇಳಿ. ಹೆಚ್ಚು ಶಕ್ತಿಯದು ಬೇಕೆಂದು ಆಸೆಪಡಬೇಡಿ.

ಎರಡು, ಬ್ರೇಕು. ಮೋಟಾರು ಬ್ಯಾಟರಿ ಸೇರಿ ಆರೇಳು ಕಿಲೋ ಹೆಚ್ಚಾಗುತ್ತದೆ. ನಮ್ಮ ಇಳಿಜಾರುಗಳಲ್ಲಿ ಹಳೆಯ ಬ್ರೇಕು ನಂಬುವಂಥದ್ದಲ್ಲ. ಬ್ರೇಕ್ ಹಿಡಿದೊಡನೆ ಮೋಟಾರು ನಿಲ್ಲುವ ಸ್ವಿಚ್ಚನ್ನು ತಪ್ಪದೆ ಹಾಕಿಸಿ. ೨೦೨೪ರ ನವೆಂಬರಿನಲ್ಲಿ ನಮ್ಮ ಮನೆಯ ತಿರುವಿನ ಪಾಚಿಯ ಮೇಲೆ ಜಾರಿ ಮೊಣಕೈ ತರಚಿಕೊಂಡ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ. ಅಂದಿನಿಂದ ಹೆಲ್ಮೆಟ್ಟೂ ತಲೆಯ ಮೇಲಿದೆ.

ಮೂರು, ಕಡಿದಾದ ಏರು. ಚಕ್ರದ ನಡುವಿನ ಮೋಟಾರು ತೀರ ನಿಧಾನವಾಗಿ ಬಹಳ ಹೊತ್ತು ಎಳೆದರೆ ಬಿಸಿಯಾಗುತ್ತದೆ. ರಸ್ತೆಯಿಂದ ನಮ್ಮ ಮನೆಗೆ ಏರುವ ಕೊನೆಯ ಇನ್ನೂರು ಗಜ ನಾನು ಇಳಿದು ತಳ್ಳುತ್ತೇನೆ. ಅದೂ ವ್ಯಾಯಾಮವೇ.

ನಾಲ್ಕು, ಬ್ಯಾಟರಿ. ಅದರೊಂದಿಗೆ ಕೊಟ್ಟ ಚಾರ್ಜರನ್ನೇ ಬಳಸಿ. ರಾತ್ರಿ ಹಾಕಿ ಮಲಗಬೇಡಿ. ಅಡಿಕೆ ಗೋಣಿಗಳ ಪಕ್ಕದಲ್ಲಿ, ಸೌದೆಯ ಕೊಟ್ಟಿಗೆಯಲ್ಲಿ, ಅಟ್ಟದ ಮೇಲೆ ಚಾರ್ಜ್ ಮಾಡಲೇಬೇಡಿ, ಲಿಥಿಯಂ ಬ್ಯಾಟರಿಗೆ ಬೆಂಕಿ ಹಿಡಿದರೆ ಆರಿಸುವುದು ಕಷ್ಟ. ಕೆಳಗೆ ಬಿದ್ದು ಜಖಂ ಆದದ್ದನ್ನಾಗಲಿ, ನೀರು ಹೊಕ್ಕದ್ದನ್ನಾಗಲಿ ಮತ್ತೆ ಚಾರ್ಜಿಗೆ ಹಾಕಬಾರದು. ಔಷಧಿ ಹೊಡೆಯುವ ಪಂಪಿನಿಂದ ಸೈಕಲ್ ತೊಳೆಯುವ ಚಪಲವನ್ನೂ ಬಿಡಿ.

ಐದು, ಮಳೆಗಾಲ. ಆರಿದ್ರಾ, ಪುನರ್ವಸು, ಪುಷ್ಯದ ಧೋ ಎನ್ನುವ ದಿನಗಳಲ್ಲಿ ನಾನು ಸೈಕಲ್ ಹೊರಗೆ ತೆಗೆಯುವುದಿಲ್ಲ. ಆ ದಿನಗಳಲ್ಲಿ ಕಂಬಳಿಕೊಪ್ಪೆ ಹಾಕಿ ಕೊಳೆ ಬಿದ್ದಿದೆಯೇ ನೋಡುತ್ತ ತೋಟವಿಡೀ ನಡೆದೇ ಸುತ್ತುತ್ತೇನೆ. ಬಳಸದೆ ಇಡುವ ಬ್ಯಾಟರಿಯನ್ನು ಪೂರ್ತಿ ತುಂಬಿಯೂ ಇಡಬಾರದು, ಪೂರ್ತಿ ಬರಿದು ಮಾಡಿಯೂ ಇಡಬಾರದು. ಅರ್ಧಕ್ಕೆ ಇಟ್ಟು ನಡುನಡುವೆ ನೋಡುತ್ತಿರಿ.

ಆರು, ಎಲ್ಲಕ್ಕಿಂತ ಮುಖ್ಯ. ಎದೆನೋವು ಇರುವವರು, ನಡೆದರೆ ಏದುಸಿರು ಬರುವವರು ಡಾಕ್ಟರರನ್ನು ಕಾಣದೆ ಸೈಕಲ್ ಹತ್ತಬೇಡಿ. ಸಕ್ಕರೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಒಂದು ತುಂಡು ಬೆಲ್ಲ ಇಟ್ಟುಕೊಳ್ಳಿ. ಕೈ ನಡುಗಿ ಬೆವರಿದರೆ ಕೂಡಲೇ ನಿಂತು ಬಾಯಿಗೆ ಹಾಕಿಕೊಳ್ಳಿ. ಪಾದಕ್ಕೆ ಬೂಟು ಇರಲಿ, ರಾತ್ರಿ ಮಲಗುವ ಮೊದಲು ಪಾದಗಳನ್ನು ಒಮ್ಮೆ ನೋಡಿಕೊಳ್ಳಿ.

ಮರ್ಯಾದೆಯ ಮಾತು

ಕೊನೆಗೆ, ಯಾರೂ ಬಾಯಿಬಿಟ್ಟು ಹೇಳದ ಒಂದು ತೊಡಕು. ಸೈಕಲ್ ಎಂದರೆ ಇಲ್ಲದವರ ವಾಹನ ಎಂದು ನಮ್ಮಲ್ಲಿ ತಿಳಿದಿದ್ದಾರೆ. ಜೀಪು ಇದ್ದವನು ಸೈಕಲ್ ಹತ್ತಿದರೆ ಸಾಲ ಆಯಿತೇನೋ ಎಂದು ಊರು ಮಾತಾಡುತ್ತದೆ. ನನಗೂ ಮೊದಲ ತಿಂಗಳು ಪೇಟೆಯ ಬಸ್‌ಸ್ಟ್ಯಾಂಡ್ ದಾಟುವಾಗ ತಲೆ ತಗ್ಗುತ್ತಿತ್ತು. ಆಗೆಲ್ಲ ಜಗಲಿಯಲ್ಲಿ ಕುಳಿತು ತೋಟ ನೋಡುವ ನಮ್ಮ ಆ ಸದಸ್ಯರನ್ನು ನೆನೆಯುತ್ತಿದ್ದೆ. ಒಮ್ಮೆ ಅವರ ಮನೆಯ ಮುಂದೆ ಸೈಕಲ್ ನಿಲ್ಲಿಸಿ ಒಳಗೆ ಹೋಗಿದ್ದೆ. ಅವರು ಬಹಳ ಹೊತ್ತು ಅದನ್ನೇ ನೋಡಿ, "ಹತ್ತು ವರ್ಷ ಮುಂಚೆ ತರ್ಬೇಕಿತ್ತು ನೀವು ಇದನ್ನ" ಎಂದರು. ಕಾಫಿ ಕುಡಿದು ಬಂದೆ. ಬಸ್‌ಸ್ಟ್ಯಾಂಡಿನಲ್ಲಿ ಆಮೇಲೆ ತಲೆ ತಗ್ಗಲಿಲ್ಲ.

ಪ್ರತಿ ಶನಿವಾರ ಮಧ್ಯಾಹ್ನ ಕಛೇರಿಯ ಕೆಲಸ ಮುಗಿದ ಮೇಲೆ ಸೈಕಲ್ ಸಂಘದ ಅಂಗಳದಲ್ಲಿರುತ್ತದೆ. ಆಸಕ್ತಿ ಇರುವ ಸದಸ್ಯರು ಏರುವರೆಗೆ ಹೋಗಿ ಬಂದು ನೋಡಬಹುದು. ಮುಂದಿನ ವಾರ್ಷಿಕ ಮಹಾಸಭೆಯ ದಿನ ಹಾಜರಿ ಪುಸ್ತಕದ ಪಕ್ಕದಲ್ಲೇ ರಕ್ತದೊತ್ತಡ, ಸಕ್ಕರೆ ಪರೀಕ್ಷೆಯ ಮೇಜೊಂದನ್ನು ಹಾಕಿಸಬೇಕೆಂದು ಆಡಳಿತ ಮಂಡಳಿಯ ಮುಂದೆ ಪ್ರಸ್ತಾಪ ಇಟ್ಟಿದ್ದೇನೆ. ಸೈಕಲ್ ಎಲ್ಲರಿಗೂ ಒಗ್ಗಲಿಕ್ಕಿಲ್ಲ. ಆದರೆ ತಮ್ಮ ಸಂಖ್ಯೆ ಎಷ್ಟೆಂದು ತಿಳಿದುಕೊಳ್ಳುವುದಕ್ಕೆ ಯಾರೂ ಹಿಂಜರಿಯಬಾರದಾಗಿ ವಿನಂತಿ.

— ಕಾರ್ಯದರ್ಶಿ